‘ಮೌಂಡ್’ ಎಂಬ ಒಂದು ಶಬ್ದದ ಅರ್ಥವಿಚಾರ

ಶಬ್ದಕ್ಕೂ ಅರ್ಥಕ್ಕೂ ಇರತಕ್ಕ ಸಂಬಂಧವು ನಿತ್ಯವೆಂದು ಮೀಮಾಂಸಕರೂ, ಸಂಕೇತದಿಂದ ಉಂಟಾದುದೆಂದು ನೈಯಾಯಿಕರೂ ಬಹುಕಾಲ ವಾದಿಸಿದುದು ಶಾಸ್ತ್ರಪರಿಚಯವುಳ್ಳವರಿಗೆ ತಿಳಿದ ವಿಷಯವೇ ಆಗಿದೆ. ಆ ವಾದದಲ್ಲಿ ಗೆದ್ದವರಾರೆಂಬುದು ಇಲ್ಲಿ ಪ್ರಕೃತವಲ್ಲ. ಆದರೆ ಆ ದೊಡ್ಡ ವಾದದ ನೆರಳಿನಲ್ಲಿ ಒಂದು ಚಿಕ್ಕ ಪ್ರಶ್ನೆಯು ಕೇಳುವವರಿಲ್ಲದೆ ಉಳಿದುಕೊಂಡಿದೆ. ಕಣ್ಣಿದಿರಿನ ವಸ್ತುವಿಗೆ ಒಂದು ಹೆಸರನ್ನು ಹೇಳುವುದು ಬರಿಯ ಜ್ಞಾನವ್ಯಾಪಾರವೋ, ಇಲ್ಲವೆ ಪುಣ್ಯಪಾಪಗಳಿಗೆ ಒಳಪಡತಕ್ಕ ಒಂದು ಕರ್ಮವೋ? ಸುಳ್ಳಾಡುವುದು ದೋಷವೆಂಬುದರಲ್ಲಿ ಯಾರಿಗೂ ವಿವಾದವಿಲ್ಲ. ಆದರೆ ಸುಳ್ಳೆಂದು ಹೇಳಲಾಗದ, ನಿಜವೆನ್ನುವುದಕ್ಕೂ ಸಾಲದ ಹೆಸರೊಂದನ್ನು ಉಚ್ಚರಿಸಿ ಮುಂದಕ್ಕೆ ನಡೆದುಬಿಟ್ಟವನ ಮೇಲೆ ಏನಾದರೂ ಹೊಣೆಯುಂಟೋ ಇಲ್ಲವೋ? ಈ ಪ್ರಶ್ನೆಯನ್ನು ನಿರಾಧಾರವಾಗಿ ಆಕಾಶದಲ್ಲಿ ನಿಲ್ಲಿಸಿ ಚರ್ಚಿಸುವುದಕ್ಕಿಂತ ಒಂದು ಶಬ್ದವನ್ನು ಹಿಡಿದು ನೋಡುವುದು ಲೇಸು. ಇಂಗ್ಲಿಷಿನಲ್ಲಿ ‘ಮೌಂಡ್’ ಎಂಬುದೊಂದು ಸಣ್ಣ ಶಬ್ದ. ನಮ್ಮ ಮಕ್ಕಳು ಪಾಠಶಾಲೆಯಲ್ಲಿ ಅದಕ್ಕೆ ‘ದಿಬ್ಬ’ ಎಂದು ಅರ್ಥ ಬರೆದುಕೊಂಡು ಪುಟ ತಿರುವುತ್ತಾರೆ. ಬರೆದುಕೊಂಡುದು ತಪ್ಪಲ್ಲ. ಆದರೆ ಆ ಶಬ್ದದ ಹೊಟ್ಟೆಯಲ್ಲಿ ದಿಬ್ಬಕ್ಕಿಂತ ಹೆಚ್ಚಿನದು ಹೂತುಹೋಗಿದೆ.

ವಿಚಿತ್ರವಾದ ಸಂಗತಿಯೇನೆಂದರೆ, ಈ ಶಬ್ದವು ಮೊದಲಿಗೆ ದಿಬ್ಬದ ಹೆಸರೇ ಆಗಿರಲಿಲ್ಲ. 16ನೆಯ ಶತಮಾನದ ಇಂಗ್ಲಿಷ್ ಬರೆಹಗಳಲ್ಲಿ ಅದು ಬೇಲಿ ಎಂಬ ಅರ್ಥದಲ್ಲಿ ಕಾಣಬರುತ್ತದೆ. ಹೊಲದ ಸುತ್ತಲೂ ಬೆಳೆಸಿದ ಪೊದೆಯ ಸಾಲು, ದನಕರು ನುಗ್ಗದಂತೆ ಎತ್ತಿದ ತಡೆ, ಇದೇ ಅದರ ವಾಚ್ಯಾರ್ಥ. ಬೇಲಿ ಹಾಕುವುದೆಂಬ ಕ್ರಿಯೆಗೂ ಅದೇ ಶಬ್ದವನ್ನು ಬಳಸುತ್ತಿದ್ದರು. ಬೇಲಿಯ ಬುಡದಲ್ಲಿ ಮಣ್ಣನ್ನು ಏರಿಸುವುದು ಎಲ್ಲ ದೇಶದ ರೈತರ ರೂಢಿಯಾದುದರಿಂದ ಬೇಲಿಯ ಹೆಸರು ಮೆಲ್ಲಗೆ ಒಡ್ಡಿಗೆ ಇಳಿಯಿತು. ಒಡ್ಡಿನಿಂದ ಕೋಟೆಯ ಮಣ್ಣಿನ ಏರಿಗೆ ಹೋಯಿತು. 18ನೆಯ ಶತಮಾನದ ಮೊದಲ ಪಾದದ ಹೊತ್ತಿಗೆ ಸತ್ತವರ ಮೇಲೆ ಪೂರ್ವಿಕರು ಪೇರಿಸಿದ ಮಣ್ಣಿನ ರಾಶಿಗೂ, ಆಮೇಲೆ ತಾನಾಗಿಯೇ ಉಬ್ಬಿದ ನೆಲಕ್ಕೂ ಅದೇ ಹೆಸರು ನಿಂತಿತು. ಬೆಟ್ಟವನ್ನು ಹೇಳುವ ‘ಮೌಂಟ್’ ಎಂಬ ಇನ್ನೊಂದು ಶಬ್ದದ ಧ್ವನಿಸಾಮ್ಯವು ಈ ಜಾರಿಕೆಗೆ ನೆರವಾಯಿತೆಂದು ಕೋಶಕಾರರ ಮತ. ಬೇಲಿಯೆಂಬ ಹಳೆಯ ಅರ್ಥವು ಇಂದು ಕೋಶಗಳಲ್ಲಿ ಮಾತ್ರ ಜೀವಿಸಿದೆ.

ಪ್ರಾಚೀನ ಇಂಗ್ಲಿಷಿನಲ್ಲಿ ‘ಮುಂಡ್’ ಎಂದರೆ ಕೈ. ಅದರಿಂದ ಕಾಪು, ರಕ್ಷಣೆ ಎಂಬರ್ಥವೂ ಬಂದಿತ್ತು. ಕೈಹಿಡಿಯುವುದು ಎಂಬ ಮಾತಿಗೆ ನಮ್ಮಲ್ಲಿಯೂ ಕಾಪಾಡುವುದೆಂಬ ಅರ್ಥವಿರುವುದನ್ನು ಇಲ್ಲಿ ನೆನೆಯಬಹುದು. ನಮ್ಮ ಶಬ್ದವು ಈ ‘ಮುಂಡ್’ ಎಂಬುದರಿಂದಲೇ ಹುಟ್ಟಿತೆಂದು ಬಹಳ ಮಂದಿ ನಂಬಿದ್ದರು. ಅರ್ಥದ ಸರಪಣಿಯು ನಡುವೆ ಕಡಿದಿದೆಯೆಂಬ ಕಾರಣದಿಂದ ಎಚ್ಚರಿಕೆಯುಳ್ಳ ಕೋಶಕಾರರು ಅದನ್ನು ಒಪ್ಪುವುದಿಲ್ಲ. ಅವರ ಎಚ್ಚರಿಕೆಯು ಸರಿಯಾದುದೇ. ಚೆಂದವಾಗಿದೆಯೆಂದು ವ್ಯುತ್ಪತ್ತಿಯನ್ನು ಒಪ್ಪುವುದಾದರೆ ನಮ್ಮ ನಾಡಿನಲ್ಲಿ ಊರಿಗೊಂದು ಸ್ಥಳಪುರಾಣವು ಸಿದ್ಧವಾಗಿಯೇ ಇದೆ.

ಮಿಲ್ಟನ್ ಮಹಾಕವಿಯು 1667ರಲ್ಲಿ ಪ್ರಕಟವಾದ ತನ್ನ ‘ಪ್ಯಾರಡೈಸ್ ಲಾಸ್ಟ್’ ಎಂಬ ಕಾವ್ಯದ ನಾಲ್ಕನೆಯ ಸರ್ಗದಲ್ಲಿ, ಆದಿಮಾನವರ ನಂದನವನದ ಹಸುರಾದ ಆವರಣವನ್ನು ವರ್ಣಿಸುವಾಗ ಅದನ್ನು ಹಳ್ಳಿಗಾಡಿನ ‘ಮೌಂಡಿ’ಗೆ ಹೋಲಿಸಿದ್ದಾನೆ. ಈ ಕಾಲದ ವಿದ್ಯಾರ್ಥಿಯು ಅದನ್ನು ಓದಿ, ಸ್ವರ್ಗಸದೃಶವಾದ ತೋಟದ ಸುತ್ತ ಮಣ್ಣುಗುಡ್ಡೆಯೇತಕ್ಕೆ ಎಂದು ಬೆರಗಾಗುತ್ತಾನೆ. ಬೇಲಿ ಎಂದು ತಿಳಿದರೆ ಬೆರಗಿಗೆ ಎಡೆಯಿಲ್ಲ. ಒಳಗಿರುವವರಿಗೆ ಅದು ಕಾಪು, ಹೊರಗಿರುವವನಿಗೆ ತಡೆ. ಸೈತಾನನು ಅದನ್ನು ಹಾರಿ ಒಳಗೆ ಬಂದನೆಂಬುದೇ ಅಲ್ಲಿಯ ಕಥೆಯಲ್ಲವೆ? ಶಬ್ದದ ಅರ್ಥವು ನೂರು ವರ್ಷದಲ್ಲಿ ಜಾರಿದುದರಿಂದ ಕವಿಯ ಬೇಲಿಯು ಓದುಗನ ಕಣ್ಣಿಗೆ ಗುಡ್ಡೆಯಾಗಿ ಕಾಣುವಂತಾಯಿತು.

ಇದಲ್ಲದೆ ಇದೇ ರೂಪದ ಮತ್ತೊಂದು ಶಬ್ದವೂ ಇದೆ. ಇಂಗ್ಲೆಂಡಿನ ದೊರೆಗಳ ಪಟ್ಟಾಭಿಷೇಕಕಾಲದಲ್ಲಿ ಅವರ ಬಲಗೈಯಲ್ಲಿ ಶಿಲುಬೆಯನ್ನು ಹೊತ್ತ ಒಂದು ಚಿನ್ನದ ಗೋಳವನ್ನು ಇಡುತ್ತಾರೆ. 1661ರಲ್ಲಿ ಎರಡನೆಯ ಚಾರಲ್ಸನಿಗಾಗಿ ಮಾಡಿಸಿದ ಆ ಗೋಳವನ್ನೇ 2023ರಲ್ಲಿ ಮೂರನೆಯ ಚಾರಲ್ಸನ ಕೈಯಲ್ಲಿಯೂ ಇಟ್ಟರು. ವಂಶಲಾಂಛನಗಳ ಶಾಸ್ತ್ರದಲ್ಲಿ ಇಂತಹ ಗೋಳಕ್ಕೂ ‘ಮೌಂಡ್’ ಎಂದೇ ಹೆಸರು. ಆದರೆ ಇದು ಜಗತ್ತನ್ನು ಹೇಳುವ ‘ಮುಂಡಸ್’ ಎಂಬ ಲ್ಯಾಟಿನ್ ಶಬ್ದದಿಂದ ಫ್ರೆಂಚಿನ ಮೂಲಕ ಬಂದುದು. ಮಣ್ಣಿಗೂ ಇದಕ್ಕೂ ನಂಟಿಲ್ಲ. ಆ ಗೋಳವು ಒಳಗೆ ಪೊಳ್ಳು ಎಂಬುದನ್ನೂ, ದೊರೆಯು ಅದನ್ನು ಸ್ವಲ್ಪ ಹೊತ್ತು ಮಾತ್ರ ಹಿಡಿದಿದ್ದು ಮತ್ತೆ ವೇದಿಕೆಯ ಮೇಲೆ ಇಡಲು ಕೊಟ್ಟುಬಿಡಬೇಕೆಂಬುದನ್ನೂ ಬಲ್ಲವರು ಹೇಳುತ್ತಾರೆ. ಇನ್ನು ಅಮೆರಿಕದವರ ಬೇಸ್‌ಬಾಲ್ ಆಟದಲ್ಲಿ ಚೆಂಡನ್ನೆಸೆಯುವವನು ನಿಲ್ಲುವ ಎತ್ತರಕ್ಕೂ ಇದೇ ಹೆಸರು. ಎಸೆಯುವವರದೇ ಮೇಲುಗೈಯಾಯಿತೆಂದು 1969ರಲ್ಲಿ ಆ ಎತ್ತರವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರಂತೆ. ಅದರ ವಿಚಾರ ಇಷ್ಟು ಸಾಕು.

ಹಾಗಾದರೆ ಇದು ಅನೇಕಾರ್ಥವುಳ್ಳ ಒಂದೇ ಶಬ್ದವೋ, ಒಂದೇ ಧ್ವನಿಯುಳ್ಳ ಅನೇಕ ಶಬ್ದಗಳೋ? ಒಂದು ಶಬ್ದಕ್ಕೆ ಹಲವು ಅರ್ಥಗಳನ್ನು ಕಲ್ಪಿಸುವುದು ನ್ಯಾಯವಲ್ಲವೆಂದು ಮೀಮಾಂಸಕರು ಹೇಳಿದರು. ಅರ್ಥವು ಬೇರೆಯಾದೊಡನೆ ಶಬ್ದವೂ ಬೇರೆಯೆಂದು ವೈಯಾಕರಣರಲ್ಲಿ ಕೆಲವರ ಪಕ್ಷ. ಶಬ್ದವು ಒಂದೇ, ಅರ್ಥಗಳು ಹಲವು ಎಂದು ಇನ್ನು ಕೆಲವರದು. ಭರ್ತೃಹರಿಯು ‘ವಾಕ್ಯಪದೀಯ’ದಲ್ಲಿ ಎರಡೂ ಪಕ್ಷಗಳನ್ನು ಎತ್ತಿಹೇಳಿ, ಇಂತಹ ಸಂದರ್ಭದಲ್ಲಿ ಅರ್ಥವನ್ನು ಗೊತ್ತುಮಾಡುವ ಉಪಾಯಗಳಾದ ಸಂಯೋಗ, ವಿಪ್ರಯೋಗ, ಸಾಹಚರ್ಯ, ವಿರೋಧ, ಪ್ರಕರಣ ಮೊದಲಾದವುಗಳನ್ನು ಎಣಿಸಿಕೊಟ್ಟಿದ್ದಾನೆ. ಸೈಂಧವವನ್ನು ತಾರೆಂದು ಊಟಕ್ಕೆ ಕುಳಿತವನು ಹೇಳಿದರೆ ಉಪ್ಪನ್ನೂ, ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆಯನ್ನೂ ತರಬೇಕೆಂಬ ದೃಷ್ಟಾಂತವನ್ನು ಕಾವ್ಯಪಾಠ ಮುಗಿಸಿದ ಬಾಲಕನೂ ಬಲ್ಲನು. ಪ್ರಕರಣವನ್ನು ತಿಳಿಯದೆ ಊಟದ ಎಲೆಯ ಮುಂದೆ ಕುದುರೆಯನ್ನು ತಂದು ನಿಲ್ಲಿಸಿದ ಸೇವಕನನ್ನು ಲೋಕವು ನಗುತ್ತದೆ. ನಗುವಿಗಿಂತ ಹೆಚ್ಚಿನ ಶಿಕ್ಷೆ ಅವನಿಗಿಲ್ಲ. ಎಲ್ಲ ಶಬ್ದಗಳ ವಿಷಯವೂ ಇಷ್ಟು ಹಗುರವಾಗಿದ್ದರೆ ಈ ಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಸಂಸ್ಕೃತದಲ್ಲಿ ರಾಶಿಯನ್ನು ಹೇಳುವ ಶಬ್ದಗಳಲ್ಲಿ ‘ಕೂಟ’ ಎಂಬುದೊಂದು. ಅಮರಸಿಂಹನು ನಾನಾರ್ಥವರ್ಗದಲ್ಲಿ ಅದಕ್ಕೆ ಮಾಯೆ, ನಿಶ್ಚಲವಾದುದು, ಬೋನಿನಂತಹ ಯಂತ್ರ, ಕಪಟ, ಅಸತ್ಯ, ರಾಶಿ, ಕಬ್ಬಿಣದ ಸುತ್ತಿಗೆ, ಬೆಟ್ಟದ ಶಿಖರ, ನೇಗಿಲಿನ ಒಂದು ಅಂಗ ಎಂದು ಅರ್ಥಗಳನ್ನು ಹೇಳಿದ್ದಾನೆ. ರಾಶಿಯೂ ಸುಳ್ಳೂ ಒಂದೇ ಶಬ್ದದ ಮನೆಯಲ್ಲಿ ವಾಸಮಾಡಿಕೊಂಡಿರುವುದು ಗಮನಿಸತಕ್ಕದ್ದು. ಆದರೆ ಅದೇ ಶಬ್ದದಿಂದಲೇ ‘ಕೂಟಸ್ಥ’ ಎಂಬ ವೇದಾಂತದ ಮಹಾಶಬ್ದವೂ ಹೊರಟಿತು. ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಬರುವ ಆ ಪದಕ್ಕೆ ಶಂಕರಭಗವತ್ಪಾದರು ಮಾಯೆಗೆ ಅಧ್ಯಕ್ಷನಾಗಿರುವವನೆಂದು ಒಂದು ಅರ್ಥವನ್ನು ಹೇಳಿ, ರಾಶಿಯಂತೆ ಅಲುಗದೆ ನಿಂತಿರುವುದೆಂದು ಇನ್ನೊಂದನ್ನೂ ಹೇಳಿದ್ದಾರೆ. ಹೀಗೆ ಒಂದೇ ರಾಶಿಯು ಒಬ್ಬನ ಬಾಯಲ್ಲಿ ವಂಚನೆಯ ಹೆಸರಾಗಿ, ಇನ್ನೊಬ್ಬರ ವ್ಯಾಖ್ಯಾನದಲ್ಲಿ ಅವಿಕಾರಿಯಾದ ಬ್ರಹ್ಮದ ಉಪಮಾನವಾಯಿತು.

ರಾಶಿಯೆಂಬುದು ಎಲ್ಲಿ ಆರಂಭವಾಗುತ್ತದೆ? ಗ್ರೀಕರಲ್ಲಿ ಮಿಲೇಟಸ್ ಪಟ್ಟಣದ ಯೂಬುಲಿಡೀಸನೆಂಬ ತಾರ್ಕಿಕನು ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಈ ತೊಡಕನ್ನು ಹೆಣೆದನೆಂದು ಪ್ರಸಿದ್ಧಿ. ಒಂದು ಕಾಳು ರಾಶಿಯಲ್ಲ. ರಾಶಿಯಲ್ಲದುದಕ್ಕೆ ಒಂದೇ ಕಾಳನ್ನು ಸೇರಿಸಿದರೆ ಅದು ರಾಶಿಯಾಗಲಾರದು. ಹೀಗೆಯೇ ಸೇರಿಸುತ್ತ ಹೋದರೆ ಹತ್ತು ಖಂಡುಗವಾದರೂ ರಾಶಿಯೆನ್ನಲು ಬಾರದು. ನಮ್ಮ ಶಾಸ್ತ್ರಗಳಲ್ಲಿ ಈ ತೊಡಕು ಬೇರೆ ವೇಷದಲ್ಲಿ ಬಂದಿದೆ. ಬೌದ್ಧರು ಪುರುಷನೆಂಬುದು ಐದು ಸ್ಕಂಧಗಳೇ ಹೊರತು ಬೇರೆಯಲ್ಲವೆಂದರು. ಸ್ಕಂಧವೆಂದರೂ ರಾಶಿಯೇ. ಘಟಪಟಾದಿಗಳೂ ಪರಮಾಣುಗಳ ಪುಂಜವೇ ಸರಿಯೆಂದು ಅವರ ಮತ. ನೈಯಾಯಿಕರು ಒಪ್ಪಲಿಲ್ಲ. ಅವಯವಗಳಿಗಿಂತ ಬೇರೆಯಾಗಿ ಅವಯವಿಯೆಂಬುದಿಲ್ಲದಿದ್ದರೆ, ಪರಮಾಣುಗಳು ಕಣ್ಣಿಗೆ ಕಾಣದವುಗಳಾದ ಕಾರಣ ಯಾವುದೂ ಕಾಣದೆ ಹೋಗಬೇಕಾದೀತೆಂದು ಅವರ ಉತ್ತರ. ದೂರದಿಂದ ಸೇನೆಯೂ ವನವೂ ಒಂದೆಂದು ತೋರುವಂತೆ ಪರಮಾಣುಗಳೂ ಒಂದಾಗಿ ತೋರಬಹುದಲ್ಲವೆ ಎಂದು ಪೂರ್ವಪಕ್ಷಿಯು ಕೇಳುತ್ತಾನೆ. ಹತ್ತಿರ ಹೋದರೆ ಸೇನೆಯಲ್ಲಿ ಭಟರೂ ವನದಲ್ಲಿ ಮರಗಳೂ ಬೇರೆಬೇರೆಯಾಗಿ ಕಾಣುತ್ತವೆ. ಪರಮಾಣುವಾದರೋ ಎಷ್ಟು ಹತ್ತಿರ ಹೋದರೂ ಕಾಣದು ಎಂದು ಸಿದ್ಧಾಂತಿಯು ಅದನ್ನು ತಳ್ಳುತ್ತಾನೆ.

ಆ ವಾದವು ಪರಮಾಣುವಿನ ವಿಷಯದಲ್ಲಿ ಏನೇ ಆಗಲಿ, ಹತ್ತಿರ ಹೋಗುವುದು ಎಂಬ ಮಾತು ಮಾತ್ರ ಇಲ್ಲಿ ಬಹಳ ಬೆಲೆಯುಳ್ಳದ್ದು. ದೂರದಿಂದ ಒಂದಾಗಿ ಕಂಡುದನ್ನು ದಿಬ್ಬವೆನ್ನುವುದು ದೃಷ್ಟಿದೋಷವಲ್ಲ. ಹತ್ತಿರ ಹೋದಮೇಲೂ ದಿಬ್ಬವೆಂದೇ ಹೇಳುತ್ತಿರುವುದರಲ್ಲಿ ಏನೋ ಬೇರೆ ಕಾರಣವಿರಬೇಕು. ಏಕೆಂದರೆ ರಾಶಿ ಎಂಬ ಹೆಸರಿನಲ್ಲಿ ಒಂದು ಗುಪ್ತವಾದ ನಿಷೇಧವಿದೆ. ಮನೆಯೆಂದರೆ ಕಟ್ಟಿದವನೊಬ್ಬನು ಉಂಟೆಂಬುದು ಅರ್ಥದಲ್ಲಿಯೇ ಸೇರಿರುತ್ತದೆ. ಗೋರಿಯೆಂದರೆ ಸತ್ತವನೊಬ್ಬನೂ ಅತ್ತವರು ಕೆಲವರೂ ಅದರೊಡನೆ ಬರುತ್ತಾರೆ. ದಿಬ್ಬವೆಂದರೆ ಯಾರೂ ಇಲ್ಲ. ಅದು ಇದೆ, ಅಷ್ಟೆ. ಕಟ್ಟಿದುದನ್ನು ದಿಬ್ಬವೆಂದು ಕರೆಯುವವನು ಸುಳ್ಳಾಡಲಿಲ್ಲ, ನಿಜವಾಗಿಯೂ ಅದು ಉಬ್ಬಿದ ನೆಲವೇ ಹೌದು. ಆದರೆ ಅವನು ಕಟ್ಟಿದವನನ್ನು ಅಲ್ಲಿಂದ ಹೊರಗೆ ಕಳುಹಿಸಿಬಿಟ್ಟನು.

ಪಂಜಾಬಿನ ಹರಪ್ಪದಲ್ಲಿ ನಡೆದುದು ಸರ್ವರಿಗೂ ತಿಳಿದ ಕಥೆ. 19ನೆಯ ಶತಮಾನದ ಮಧ್ಯದಲ್ಲಿ ಲಾಹೋರಿನಿಂದ ಮುಲ್ತಾನಿಗೆ ರೈಲುದಾರಿಯನ್ನು ಹಾಕುವಾಗ ಗುತ್ತಿಗೆದಾರರಿಗೆ ಹಾಸುಗಲ್ಲಿಗೆ ಬದಲಾಗಿ ಹರಪ್ಪದ ದಿಬ್ಬಗಳಲ್ಲಿ ಇಟ್ಟಿಗೆಗಳು ದೊರೆತವು. ಸುಮಾರು 100 ಮೈಲಿ ದಾರಿಗೆ ಸಾಲುವಷ್ಟು ಇಟ್ಟಿಗೆಯು ಅಲ್ಲಿಂದ ಹೋಯಿತೆಂದು ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮನು 1870ರ ದಶಕದಲ್ಲಿ ಬರೆದಿಟ್ಟನು. ದಯಾರಾಮ ಸಾಹನಿಯವರು 1921ರಲ್ಲಿ ಅಗೆಯಲು ತೊಡಗಿದಾಗ ಉಳಿದುದು ಉಳಿಕೆಯ ಉಳಿಕೆ. ಗುತ್ತಿಗೆದಾರರ ಪರವಾಗಿ ಹೇಳುವವರು, ಪಾಪ, ಅವರಿಗೇನು ಗೊತ್ತು, ಅವರ ಕಣ್ಣಿಗೆ ಅದು ದಿಬ್ಬವಾಗಿತ್ತು, ನಾಲ್ಕೂವರೆ ಸಾವಿರ ವರ್ಷಗಳ ಹಿಂದಣ ನಗರವೆಂದು ಕನಸೇ ಬಿದ್ದೀತೆ ಎನ್ನುತ್ತಾರೆ.

ಈ ಸಮಾಧಾನವನ್ನು ಸ್ವಲ್ಪ ತೂಗಿ ನೋಡಬೇಕು. ತಿಳಿಯದೆ ಮಾಡಿದ ಪಾಪಕ್ಕೂ ತಿಳಿದು ಮಾಡಿದ ಪಾಪಕ್ಕೂ ನಮ್ಮ ಧರ್ಮಶಾಸ್ತ್ರಗಳು ಭೇದವನ್ನು ಹೇಳಿವೆ. ಅಜ್ಞಾನಕೃತಕ್ಕೆ ಪ್ರಾಯಶ್ಚಿತ್ತವು ಲಘು. ಆದರೆ ಪ್ರಾಯಶ್ಚಿತ್ತವೇ ಇಲ್ಲವೆಂದು ಮನು ಹೇಳಲಿಲ್ಲ. ಅಜ್ಞಾನದಲ್ಲಿಯೂ ಎರಡು ಬಗೆಯುಂಟು. ಮುಸ್ಸಂಜೆಯಲ್ಲಿ ದೂರದಲ್ಲಿ ನಿಂತುದನ್ನು ಕಂಡವನಿಗೆ ಅದು ಮೋಟುಮರವೋ ಮನುಷ್ಯನೋ ಎಂಬ ಸಂಶಯವು ಹುಟ್ಟುತ್ತದೆ. ಆ ಸಂಶಯವೇ ಅವನನ್ನು ವಿಚಾರಕ್ಕೆ ಕರೆದೊಯ್ಯುವ ದಾರಿಯೆಂದು ತರ್ಕಶಾಸ್ತ್ರದ ಅಭಿಪ್ರಾಯ. ಕಾಣದೆ ಹೋದವನು ಬೇರೆ. ಕಂಡು, ಸಂಶಯಪಟ್ಟು, ಮರವೇ ಆಗಿದ್ದರೆ ಕಡಿಯಲು ಅನುಕೂಲವೆಂದು ಮರವೆಂದೇ ನಿಶ್ಚಯಿಸಿದವನು ಬೇರೆ. ಹರಪ್ಪದ ಗುತ್ತಿಗೆದಾರನು ಆ ದಿಬ್ಬವನ್ನು ಬಯಸಿದುದೇಕೆ? ಇಟ್ಟಿಗೆಗಾಗಿ. ಇಟ್ಟಿಗೆಯೆಂದರೆ ಮಣ್ಣನ್ನು ಹದಮಾಡಿ ಅಚ್ಚಿನಲ್ಲಿಟ್ಟು ಬೆಂಕಿಯಲ್ಲಿ ಸುಟ್ಟುದು. ಒಂದೇ ಅಳತೆಯ ಲಕ್ಷಾಂತರ ಇಟ್ಟಿಗೆಗಳನ್ನು ಯಾರೋ ಅಳೆದು ಸುಟ್ಟು ಜೋಡಿಸಿದ್ದಾರೆಂಬುದು ಅವನಿಗೆ ತಿಳಿಯದೆ ಇರಲಿಲ್ಲ. ತಿಳಿದಿದ್ದುದರಿಂದಲೇ ಗಾಡಿ ಕಟ್ಟಿಸಿದನು. ಕೆಲಸಕ್ಕೆ ಬೇಕಾದಾಗ ಅದು ಇಟ್ಟಿಗೆ, ಹೊಣೆಯ ಮಾತು ಬಂದಾಗ ಅದು ದಿಬ್ಬ. ಎರಡು ಹೆಸರುಗಳಲ್ಲಿ ಒಂದನ್ನು ಲಾಭಕ್ಕೂ ಇನ್ನೊಂದನ್ನು ಮನಸ್ಸಮಾಧಾನಕ್ಕೂ ಬಳಸಿಕೊಂಡವನನ್ನು ಅಜ್ಞಾನಿಯೆಂದು ಬಿಟ್ಟುಬಿಡುವುದು ಕಷ್ಟ.

ಈ ದೋಷವು ಪರದೇಶದವರಿಗೆ ಮಾತ್ರ ಸೇರಿದುದಲ್ಲ. ಕೃಷ್ಣಾನದಿಯ ದಡದ ಅಮರಾವತಿಯಲ್ಲಿದ್ದ ಮಹಾಸ್ತೂಪವನ್ನು ಸುತ್ತಲಿನ ಜನರು ‘ದೀಪಾಲದಿನ್ನೆ’, ಎಂದರೆ ದೀಪಗಳ ದಿಣ್ಣೆ, ಎಂದು ಕರೆಯುತ್ತಿದ್ದರು. ಹೆಸರು ಎಷ್ಟು ಮನೋಹರ! ಆದರೆ 18ನೆಯ ಶತಮಾನದ ಕೊನೆಯಲ್ಲಿ ಅಲ್ಲಿಯ ಜಮೀನ್ದಾರನು ಹೊಸ ಪಟ್ಟಣವನ್ನು ಕಟ್ಟಿಸುವಾಗ ಆ ದಿಣ್ಣೆಯ ಇಟ್ಟಿಗೆಯನ್ನೂ ಕಲ್ಲನ್ನೂ ತೆಗೆಸಿದನು. ಕೆತ್ತನೆಯ ಫಲಕಗಳು ಸುಣ್ಣದ ಗೂಡಿಗೆ ಹೋದವು. ಕರ್ನಲ್ ಮೆಕೆಂಜಿಯು ಅಲ್ಲಿಗೆ ಮೊದಲು ಬಂದುದು ಆ ಅಗೆತದ ಸುದ್ದಿಯನ್ನು ಕೇಳಿಯೇ. ಮತ್ತೆ 1816ರಲ್ಲಿ ಬಂದು ಚಿತ್ರಗಳನ್ನು ಬರೆಯಿಸಿದನು. 1845ರಲ್ಲಿ ವಾಲ್ಟರ್ ಎಲಿಯಟ್ಟನು ಅಗೆಯಿಸಿದ ಕಲ್ಲುಗಳು ಮದರಾಸಿಗೆ ಹೋಗಿ, ಅಲ್ಲಿಂದ ಬಹುಭಾಗವು ಲಂಡನ್ ನಗರವನ್ನು ಸೇರಿತು. ಹಾಲುಬಿಳುಪಿನ ಸುಣ್ಣಗಲ್ಲಿನಲ್ಲಿ ಕೆತ್ತಿದ ಮುಖಗಳನ್ನು ಗೂಡಿಗೆ ಹಾಕುವವನು ಆ ಮುಖಗಳನ್ನು ಕಾಣಲಿಲ್ಲವೆಂದು ಯಾರು ನಂಬಿಯಾರು? ಬಡವನೊಬ್ಬನು ಗೋಡೆಗೆಂದು ಹಾಳೂರ ಇಟ್ಟಿಗೆಯನ್ನು ನಾಲ್ಕು ಬುಟ್ಟಿ ತಂದುಕೊಂಡರೆ ಅವನನ್ನು ಇವರ ಸಾಲಿನಲ್ಲಿ ಕೂರಿಸುವುದು ಅನ್ಯಾಯ. ಇರುವವರು ಬದುಕಬೇಕು, ಸತ್ತವರ ಮನೆಯ ತೊಲೆಯು ಇರುವವರ ಮನೆಗೆ ಬರುವುದು ಲೋಕದ ನಡತೆ. ನಮ್ಮ ರೈತನು ಕಣದ ರಾಶಿಯನ್ನು ತಿನ್ನುವುದಕ್ಕೆಂದೇ ಕೂಡಿಹಾಕುತ್ತಾನೆ. ಆದರೂ ಅವನು ಅದನ್ನು ಮುಟ್ಟುವ ಮೊದಲು ಪೂಜಿಸುತ್ತಾನೆ. ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುತ್ತಾನೆ. ತೆಗೆದುಕೊಳ್ಳುವುದಕ್ಕೂ ದೋಚುವುದಕ್ಕೂ ನಡುವೆ ಇರುವ ಗೆರೆಯನ್ನು ಅವನು ಗ್ರಂಥವನ್ನೋದಿ ಕಲಿತವನಲ್ಲ.

‘ಮೌಂಡ್’ ಎಂಬ ಶಬ್ದವು ತನ್ನ ಅತ್ಯಂತ ಕ್ರೂರವಾದ ಕೆಲಸವನ್ನು ಮಾಡಿದುದು ಅಮೆರಿಕದಲ್ಲಿ. ಓಹಿಯೋ, ಮಿಸಿಸಿಪಿ ನದಿಗಳ ಕಣಿವೆಗಳಲ್ಲಿ ಮಣ್ಣಿನಿಂದ ಕಟ್ಟಿದ ಸಹಸ್ರಾರು ದಿಬ್ಬಗಳು ವಲಸೆ ಬಂದ ಯೂರೋಪಿಯನರಿಗೆ ಕಂಡುಬಂದವು. ಕೆಲವು ಸಮಾಧಿಗಳು, ಕೆಲವು ದೇವಸ್ಥಾನದ ಜಗುಲಿಗಳು. ಈಗಿನ ಇಲಿನಾಯ್ ಸಂಸ್ಥಾನದ ಕಹೋಕಿಯದಲ್ಲಿರುವ ದೊಡ್ಡ ದಿಬ್ಬವು ಸುಮಾರು 100 ಅಡಿ ಎತ್ತರವಾಗಿದೆ. ಕ್ರಿಸ್ತಶಕ 1050ರ ಸುಮಾರಿನಿಂದ ಅಲ್ಲಿ ಒಂದು ಮಹಾನಗರವಿದ್ದಿತು. ಬುಟ್ಟಿ ಬುಟ್ಟಿಯಾಗಿ ಮಣ್ಣು ಹೊತ್ತು ಅದನ್ನು ಎತ್ತಿದವರ ಹೆಸರು ಅದಕ್ಕಿಲ್ಲ. 19ನೆಯ ಶತಮಾನದ ಆದಿಯಲ್ಲಿ ಕೆಲವು ವರ್ಷಗಳ ಮಟ್ಟಿಗೆ ಅಲ್ಲಿ ನೆಲಸಿ ತೋಟಮಾಡಿಕೊಂಡಿದ್ದ ಫ್ರೆಂಚ್ ಸಂನ್ಯಾಸಿಗಳ ಹೆಸರು ಅದಕ್ಕೆ ನಿಂತಿದೆ. ಅದರ ಸಮೀಪದ ಸೇಂಟ್ ಲೂಯಿಸ್ ಪಟ್ಟಣಕ್ಕೆ ದಿಬ್ಬಗಳ ಪಟ್ಟಣವೆಂಬ ಅಡ್ಡಹೆಸರೇ ಇತ್ತು. ಅಲ್ಲಿಯ ಹಿರಿಯ ದಿಬ್ಬವನ್ನು 1869ರ ಹೊತ್ತಿಗೆ ಸಂಪೂರ್ಣವಾಗಿ ಕೆಡವಿ ಮಣ್ಣನ್ನು ರೈಲುದಾರಿಗೆ ತುಂಬಿದರು. ಅಡ್ಡಹೆಸರು ಮಾತ್ರ ಕೆಡವಲ್ಪಡಲಿಲ್ಲ.

ಇಷ್ಟೇ ಆಗಿದ್ದರೆ ಹರಪ್ಪದ ಕಥೆಯ ಪುನರುಕ್ತಿಯೆನ್ನಬಹುದಿತ್ತು. ಅಲ್ಲಿ ಇನ್ನೊಂದು ಹೆಜ್ಜೆಯನ್ನು ಮುಂದಿಟ್ಟರು. ಇಂತಹ ಕೆಲಸವು ಕಾಡಿನಲ್ಲಿ ತಿರುಗುವ ಇಂಡಿಯನರಿಂದ ಆಗತಕ್ಕದ್ದಲ್ಲ, ಹಿಂದೆ ಯಾವುದೋ ಒಂದು ನಾಗರಿಕ ಜನಾಂಗವಿದ್ದು ಈ ಇಂಡಿಯನರಿಂದಲೇ ನಾಶವಾಗಿರಬೇಕೆಂದು ಊಹಿಸಿ, ಆ ಜನಾಂಗಕ್ಕೆ ‘ದಿಬ್ಬ ಕಟ್ಟಿದವರು’ ಎಂಬ ಹೆಸರನ್ನೂ ಇಟ್ಟರು. ಹೆಸರಿಲ್ಲದವರಿಗೆ ದಿಬ್ಬವೇ ಹೆಸರಾಯಿತು. 1830ರಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪಿಯ ಆಚೆಗೆ ಅಟ್ಟುವ ಶಾಸನವು ಹುಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಧ್ಯಕ್ಷ ಆಂಡ್ರೂ ಜ್ಯಾಕ್ಸನ್ನನು ತನ್ನ ಸಂದೇಶದಲ್ಲಿ ಈ ಊಹಾಜನಾಂಗದ ಸ್ಮಾರಕಗಳನ್ನೇ ಎತ್ತಿ ತೋರಿಸಿ, ಈಗಿರುವವರಿಗೆ ಎಡೆಮಾಡಿಕೊಟ್ಟು ಹಿಂದಿನವರು ಅಳಿದಂತೆ ಈಗಿನವರೂ ಸರಿಯುವುದು ಲೋಕಕ್ರಮವೆಂಬ ಧಾಟಿಯಲ್ಲಿ ವಾದಿಸಿದನು. ತಾತಂದಿರ ಸಮಾಧಿಯನ್ನು ಮೊಮ್ಮಕ್ಕಳ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಿದ ನ್ಯಾಯವಿದು. ಸೈರಸ್ ಥಾಮಸ್ ಎಂಬಾತನು, ತಾನೂ ಮೊದಲು ಆ ಊಹೆಯನ್ನು ನಂಬಿದ್ದವನಾಗಿ, ವರ್ಷಾನುಗಟ್ಟಲೆ ದಿಬ್ಬಗಳನ್ನು ಶೋಧಿಸಿ, ಅವು ಇಂಡಿಯನರ ಪೂರ್ವಿಕರದೇ ಎಂದು 1894ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸ್ಥಾಪಿಸಿದನು. ತನ್ನ ಮತವನ್ನು ತಾನೇ ಅಗೆದು ಹಾಕುವ ಪಂಡಿತರು ಯಾವ ದೇಶದಲ್ಲಿಯೂ ವಿರಳ. ಅಷ್ಟು ಹೊತ್ತಿಗೆ ಅಟ್ಟತಕ್ಕವರನ್ನು ಅಟ್ಟಿ ಮುಗಿದಿತ್ತು.

ಇದಕ್ಕೆ ಪೂರ್ವದಲ್ಲಿಯೇ ಥಾಮಸ್ ಜೆಫರ್ಸನನು ವರ್ಜೀನಿಯಾ ಪ್ರಾಂತದ ವಿಷಯವಾಗಿ ಬರೆದ ಗ್ರಂಥದಲ್ಲಿ ತಾನು ಅಗೆದು ನೋಡಿದ ಒಂದು ಸಮಾಧಿದಿಬ್ಬದ ವೃತ್ತಾಂತವನ್ನು ಹೇಳಿದ್ದಾನೆ. ಅಲ್ಲಿ ಒಂದು ಸಂಗತಿ ಬರುತ್ತದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಇಂಡಿಯನರ ಗುಂಪೊಂದು ಆ ಪ್ರಾಂತದಲ್ಲಿ ಹಾದುಹೋಗುತ್ತಿದ್ದಾಗ, ಹೆದ್ದಾರಿಯನ್ನು ಬಿಟ್ಟು, ಯಾರನ್ನೂ ದಾರಿ ಕೇಳದೆ, ಆರು ಮೈಲಿಯಷ್ಟು ಕಾಡಿನಲ್ಲಿ ನೇರವಾಗಿ ನಡೆದು ಅಂತಹ ಒಂದು ದಿಬ್ಬದ ಬಳಿಗೆ ಹೋದರಂತೆ. ಅಲ್ಲಿ ಸ್ವಲ್ಪ ಕಾಲ ನಿಂತು, ದುಃಖವೆಂದು ತೋರುವ ಭಾವವನ್ನು ಪ್ರಕಟಿಸಿ, ಮತ್ತೆ ಹೆದ್ದಾರಿಗೆ ಹಿಂದಿರುಗಿ ತಮ್ಮ ಪ್ರಯಾಣವನ್ನು ಮುಂದುವರಿಸಿದರು. ಅವರು ಅದನ್ನು ಯಾವ ಹೆಸರಿನಿಂದ ಕರೆದರೆಂಬುದು ಅಲ್ಲಿ ಬರೆದಿಲ್ಲ.

ದಿಬ್ಬವನ್ನು ಅಗೆಯುವುದೇ ಅಪರಾಧವೆಂದು ಇದರಿಂದ ಯಾರೂ ತಿಳಿಯಬಾರದು. ಇಂಗ್ಲೆಂಡಿನ ಸಫೋಕ್ ಪ್ರಾಂತದ ಸಟನ್ ಹೂ ಎಂಬಲ್ಲಿ, ಡೆಬೆನ್ ನದಿಯ ಮೇಲಣ ದಿನ್ನೆಯಲ್ಲಿ, ಕೆಲವು ಪುರಾತನ ದಿಬ್ಬಗಳಿದ್ದವು. ನೆಲದ ಒಡತಿಯಾದ ಎಡಿತ್ ಪ್ರಿಟಿ ಎಂಬ ಮಹಿಳೆಯು ಬೇಸಿಲ್ ಬ್ರೌನ್ ಎಂಬಾತನಿಂದ 1938ರಲ್ಲಿಯೂ 1939ರಲ್ಲಿಯೂ ಅವುಗಳನ್ನು ಅಗೆಯಿಸಿದಳು. ಬ್ರೌನನು ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಕಲಿತವನಲ್ಲ. ಮಣ್ಣಿನ ಬಣ್ಣವನ್ನು ಓದಬಲ್ಲವನು. ಅತಿ ದೊಡ್ಡ ದಿಬ್ಬದಲ್ಲಿ ಕಬ್ಬಿಣದ ಮೊಳೆಗಳ ಸಾಲು ಕಂಡುದೇ ತಡ, ಅವನು ಗುದ್ದಲಿಯನ್ನು ನಿಲ್ಲಿಸಿ ಮಣ್ಣನ್ನು ಮೆಲ್ಲನೆ ಸವರತೊಡಗಿದನು. ಮರವೆಲ್ಲ ಕರಗಿಹೋಗಿ ಸುಮಾರು 90 ಅಡಿ ಉದ್ದದ ಒಂದು ನಾವೆಯ ಅಚ್ಚು ಮರಳಿನಲ್ಲಿ ಉಳಿದಿತ್ತು. ಅದು 7ನೆಯ ಶತಮಾನದ ಆದಿಭಾಗದ ಒಬ್ಬ ಅರಸನ ಸಮಾಧಿಯೆಂದು ವಿದ್ವಾಂಸರ ಅಭಿಪ್ರಾಯ. ಆಮ್ಲವುಳ್ಳ ಮಣ್ಣಿನಲ್ಲಿ ದೇಹವೂ ಕರಗಿದ್ದಿತು. ಬಂಗಾರವೂ ಶಿರಸ್ತ್ರಾಣವೂ ಮಾತ್ರ ನಿಂತಿದ್ದವು. ಹಿಂದೆ ಕಳ್ಳರೂ ಅದನ್ನು ಅಗೆದಿದ್ದರು. ಉಳುಮೆಯಿಂದ ದಿಬ್ಬದ ಒಂದು ಪಕ್ಕವು ಸವೆದು ಅದರ ನಡುವೇ ತಪ್ಪಿಹೋಗಿದ್ದುದರಿಂದ ಅವರ ಗುಂಡಿಯು ನಿಧಿಯನ್ನು ಮುಟ್ಟಲಿಲ್ಲ. ನೆಲವನ್ನು ಉತ್ತ ರೈತನು ತನಗರಿಯದೆಯೇ ಅರಸನ ಕಾವಲುಗಾರನಾದನು.

ಅದೇ ವರ್ಷದ ಆಗಸ್ಟಿನಲ್ಲಿ ಈ ಒಡವೆ ಯಾರದೆಂಬ ವಿಚಾರಣೆಯಾಯಿತು. ಅಂದಿನ ಇಂಗ್ಲಿಷ್ ಕಾನೂನಿನ ಪ್ರಕಾರ, ಮತ್ತೆ ತೆಗೆದುಕೊಳ್ಳುವ ಉದ್ದೇಶದಿಂದ ಬಚ್ಚಿಟ್ಟ ಬೆಳ್ಳಿಬಂಗಾರವು ದೊರೆಗೆ ಸೇರತಕ್ಕದ್ದು. ಹಾಗೆ ಬಚ್ಚಿಡದೆ ಬಿಟ್ಟುಕೊಟ್ಟುದು ನೆಲದೊಡೆಯನದು. ಆದುದರಿಂದ ಪಂಚಾಯಿತರು 1300 ವರ್ಷಗಳ ಹಿಂದೆ ಸತ್ತವನನ್ನು ಹೂಳಿದವರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ನಿರ್ಣಯಿಸಬೇಕಾಯಿತು. ಸಾಕ್ಷಿ ಹೇಳಲು ದಿಬ್ಬವೊಂದೇ. ನದಿಯಿಂದ ದೊಡ್ಡ ನಾವೆಯೊಂದನ್ನು ದಿನ್ನೆಯ ಮೇಲಕ್ಕೆ ಜನವೆಲ್ಲ ಸೇರಿ ಎಳೆದು, ಅದರ ಮೇಲೆ ದೂರದಿಂದಲೂ ಕಾಣುವಂತೆ ಮಣ್ಣನ್ನು ಪೇರಿಸಿದವರು ಬಚ್ಚಿಟ್ಟವರಲ್ಲ, ಕೊಟ್ಟವರು ಎಂದು ತೀರ್ಮಾನವಾಯಿತು. ಒಡವೆ ಪ್ರಿಟಿಯ ಪಾಲಿಗೆ ಬಂದಿತು. ಅವಳು ಕೆಲವೇ ದಿನಗಳಲ್ಲಿ ಅದೆಲ್ಲವನ್ನೂ ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನಮಾಡಿದಳು. ರಾಶಿಯಲ್ಲಿ ಅಭಿಪ್ರಾಯವನ್ನು ಓದಿದ ಆ ಪಂಚಾಯಿತರು ನೈಯಾಯಿಕರಲ್ಲದಿದ್ದರೂ ಅವಯವಿಯನ್ನು ಕಂಡವರೆಂದೇ ಹೇಳಬೇಕು.

ನಮ್ಮಲ್ಲಿ ಸ್ತೂಪವೆಂಬ ಶಬ್ದಕ್ಕೂ ಮೂಲದಲ್ಲಿ ಎತ್ತರವಾಗಿ ಕೂಡಿಸಿದುದೆಂದೇ ಅರ್ಥ. ಚೈತ್ಯವೆಂಬುದೂ ಪೇರಿಸುವ ಕ್ರಿಯೆಯಿಂದಲೇ ಬಂದುದು. ರಾಶಿಯನ್ನೇ ಪೂಜ್ಯವಾಗಿ ಮಾಡಿಕೊಂಡ ಭಾಷೆ ಇದು. ಆದರೂ ಕಲಬುರಗಿ ಜಿಲ್ಲೆಯ ಸನ್ನತಿಯ ನೆರೆಯಲ್ಲಿ, ಭೀಮಾನದಿಯ ದಡದ ಕನಗನಹಳ್ಳಿಯ ಸ್ತೂಪವು ದಿಬ್ಬವೆಂಬ ಹೆಸರಿನ ಕೆಳಗೆ ಎಷ್ಟೋ ಶತಮಾನ ಮಲಗಿದ್ದಿತು. 1990ರ ದಶಕದಲ್ಲಿ ಅಗೆದಾಗ ಅಶೋಕರಾಜನ ಹೆಸರನ್ನು ಬರೆದ ಅವನ ಪ್ರತಿಮಾಫಲಕವು ಹೊರಬಂದಿತು. ಸಿಂಧದ ಮೊಹೆಂಜೊದಾರೊ ಎಂಬ ಹೆಸರನ್ನು ಸತ್ತವರ ದಿಬ್ಬವೆಂದು ಅರ್ಥಮಾಡುವುದು ರೂಢಿ. ಅದು ಸ್ಮಶಾನವಲ್ಲ, ಬಾವಿಗಳೂ ಬೀದಿಗಳೂ ಇದ್ದ ಬದುಕಿದವರ ಪಟ್ಟಣ. ಹೆಸರಿಟ್ಟವರು ವಸ್ತುವನ್ನು ತಪ್ಪಾಗಿ ತಿಳಿದರು. ಆದರೆ ಅಲ್ಲಿ ಯಾರೋ ಇದ್ದರೆಂಬುದನ್ನು ಮರೆಯಲಿಲ್ಲ.

ಬಳ್ಳಾರಿ ರಾಯಚೂರುಗಳ ಸೀಮೆಯಲ್ಲಿ ಬೂದಿಯ ದಿಬ್ಬಗಳು ಹಲವಿವೆ. ಹಂಪೆಯ ಹತ್ತಿರದ ನಿಂಬಾಪುರದಲ್ಲಿರುವ ಅಂತಹ ದಿಬ್ಬವನ್ನು ತೋರಿಸಿ, ರಾಮನ ಬಾಣದಿಂದ ಬಿದ್ದ ವಾಲಿಯನ್ನು ಸುಟ್ಟ ಬೂದಿಯಿದು ಎಂದು ಅಲ್ಲಿಯವರು ಹೇಳುತ್ತ ಬಂದಿದ್ದಾರೆ. ವಿದ್ವಾಂಸರಲ್ಲಿ ಕೆಲವರು ಅವು ಜ್ವಾಲಾಮುಖಿಯ ಬೂದಿಯೋ ಲೋಹ ಕಾಯಿಸಿದವರ ಕಿಟ್ಟವೋ ಎಂದು ತರ್ಕಿಸಿದರು. ಸಗಣಿಯ ಬೂದಿಯೆಂದು ರಾಬರ್ಟ್ ಬ್ರೂಸ್ ಫೂಟನು ಹೇಳಿದುದನ್ನು 1960ರ ಸುಮಾರಿನಲ್ಲಿ ರಾಸಾಯನಿಕ ಪರೀಕ್ಷೆಯು ಸ್ಥಿರಪಡಿಸಿತು. ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನ ಸಾಕುತ್ತಿದ್ದ ಜನರು ತಮ್ಮ ದೊಡ್ಡಿಗಳಲ್ಲಿ ಕೂಡಿದ ಸಗಣಿಯನ್ನು ಕಾಲಕಾಲಕ್ಕೆ ಸುಟ್ಟುದರಿಂದ ಈ ದಿಬ್ಬಗಳಾದವು. ಪುರಾಣದ ಕಥೆಯನ್ನು ಹೇಳುವವನು ತಪ್ಪಿದನೆಂದು ಈಗ ಹೇಳಬಹುದು. ಆದರೆ ಇಲ್ಲಿ ಬೆಂಕಿಯಿಟ್ಟವರು ಇದ್ದರು, ಸುಡುವುದಕ್ಕೆ ಕಾರಣವಿತ್ತು ಎಂಬಷ್ಟರಲ್ಲಿ ಅವನು ಜ್ವಾಲಾಮುಖಿಯ ಪಂಡಿತನಿಗಿಂತ ಹತ್ತಿರದಲ್ಲಿದ್ದನು. ಆ ಬೂದಿಯು ಹೊಲಕ್ಕೆ ಗೊಬ್ಬರವಾಗಿ ಗಾಡಿಗಟ್ಟಲೆ ಹೋಗಿದೆ. ರಾಯಚೂರಿನಿಂದ ಬಹುದೂರವಲ್ಲದ ಉಟ್ನೂರಿನ ದಿಬ್ಬವನ್ನು 1957ರಲ್ಲಿ ಆಲ್ಚಿನ್ನನು ಅಗೆದಾಗ, ಬೂದಿಯ ಪದರಗಳ ನಡುವೆ, ಸಂಜೆ ದೊಡ್ಡಿಗೆ ಹಿಂದಿರುಗಿದ ದನಗಳ ಗೊರಸಿನ ಗುರುತುಗಳು ಮೂಡಿದಂತೆಯೇ ಇದ್ದವು.